ಮೊದಲು ಉಸಿರು, ಆಮೇಲೆ ಬಣ್ಣ: ಹಳೆಯ ಯೆಜ್ಡಿಯನ್ನು ಮನೆಯ ಶೆಡ್ಡಿನಲ್ಲೇ ಎಬ್ಬಿಸುವುದು ಹೇಗೆ?

ನನ್ನ ಸೋದರಮಾವನ ಯೆಜ್ಡಿ 250 ಮೈಸೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಹದಿನೆಂಟು ವರ್ಷ ನಿಂತಿತ್ತು. ಮೇಲೆ ಹರಿದ ಜಮಖಾನ, ಅದರ ಮೇಲೆ ತೆಂಗಿನಕಾಯಿ ಮೂಟೆ. ಈ ಗಾಡಿ ಹುಟ್ಟಿದ್ದು ಇದೇ ಊರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಬೈಕ್ ತಯಾರಿಕೆ ಶುರು ಮಾಡಿತು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಲ್ಲಿ ದುಡಿದವರ ಮನೆಗಳು ಈಗಲೂ ನಮ್ಮ ಸುತ್ತಮುತ್ತ ಇವೆ. ಇಂಥ ಗಾಡಿಯನ್ನು ಗುಜರಿಗೆ ತೂಕಕ್ಕೆ ಹಾಕಲು ನನಗೆ ಮನಸ್ಸು ಬರಲಿಲ್ಲ.

ಶುರುವಿನಲ್ಲಿ ನಾನೊಂದು ತಪ್ಪು ಮಾಡಿದೆ. ಒಂದೇ ಭಾನುವಾರ ಗಾಡಿಯನ್ನು ಪೂರ್ತಿ ಬಿಚ್ಚಿ, ನಟ್ಟು ಬೋಲ್ಟುಗಳನ್ನೆಲ್ಲ ಎರಡು ಬಕೆಟ್ಟಿಗೆ ತುಂಬಿದೆ. ಆಮೇಲೆ ಏಳು ತಿಂಗಳು ಆ ಬಕೆಟ್ಟುಗಳತ್ತ ಹೋಗುವ ಧೈರ್ಯವೇ ಬರಲಿಲ್ಲ. ಮನೆಯಲ್ಲಿ ಶುರುವಾದ ಎಷ್ಟೋ ಗಾಡಿ ಕೆಲಸ ನಿಂತುಹೋಗುವುದು ಹೀಗೇ. ಕೈಕೆಲಸ ಬಾರದೆ ನಿಂತದ್ದಕ್ಕಿಂತ ಬಿಚ್ಚಿದ್ದು ಹೆಚ್ಚಾಗಿ ನಿಂತದ್ದೇ ಜಾಸ್ತಿ. ಅದಕ್ಕೇ ಈ ಲೇಖನದ ಕ್ರಮ ಬೇರೆ: ಇಂಜಿನ್ ಉಸಿರಾಡುವ ತನಕ ಬಣ್ಣದ ಮಾತೇ ಬೇಡ. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ, ಅದು ಸರಿಯಾಗಿ ಕೂತ ಮೇಲೆ ಮುಂದಿನದಕ್ಕೆ ಕೈ ಹಾಕಿ.

ಪಾನಾ ಹಿಡಿಯುವ ಮೊದಲು

ಆರ್‌ಸಿ ಪುಸ್ತಕ ಹುಡುಕಿ. ಅದರಲ್ಲಿರುವ ಚೇಸಿಸ್ ನಂಬರ್, ಇಂಜಿನ್ ನಂಬರ್ ಗಾಡಿಯ ಮೇಲಿನವಕ್ಕೆ ಅಕ್ಷರಶಃ ತಾಳೆಯಾಗಬೇಕು. ತಾಳೆಯಾಗದ ಗಾಡಿಗೆ ಹಣ ಸುರಿಯಬೇಡಿ. ಗಾಡಿ ತೀರಿಹೋದವರ ಹೆಸರಿನಲ್ಲಿದ್ದರೆ ವರ್ಗಾವಣೆಯ ಕಾಗದಪತ್ರವನ್ನು ಈಗಲೇ ಶುರು ಮಾಡಿ, ಇಂಜಿನ್ ಕೆಲಸ ಮುಗಿಯುವ ಹೊತ್ತಿಗೆ ಅದೂ ಮುಗಿದಿರುತ್ತದೆ.

ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ನಂಬರಿನಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳು ಬರುತ್ತವೆ, ನೋಂದಣಿ ಹತ್ತು ವರ್ಷಕ್ಕೆ ಊರ್ಜಿತ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲು ತುಂಬಿಸುವುದು ಇಷ್ಟಕ್ಕೇ ರಸ್ತೆಗಿಳಿಯಬಹುದು. ಹಾಲು ತರುವುದಕ್ಕೂ ಇದೇ ಗಾಡಿ ಬೇಕೆನ್ನುವವರಿಗೆ ಮಾಮೂಲಿ ನೋಂದಣಿಯ ನವೀಕರಣವೇ ಸರಿ.

ಇನ್ನು ಫೋಟೊ. ಪ್ರತಿಯೊಂದು ವೈರು, ಕೇಬಲ್ಲು, ವಾಷರಿನ ಜಾಗವನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಹಿಡಿದಿಡಿ. ಬಿಚ್ಚಿದ ನಟ್ಟುಗಳನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮೇಲೆ ಕನ್ನಡದಲ್ಲೇ ಬರೆದು ಅಂಟಿಸಿ. ‘ಕಾರ್ಬೊರೇಟರ್’, ‘ಹಿಂದಿನ ಚಕ್ರ, ಎಡಗಡೆ’ ಎಂದಿದ್ದರೆ ಸಾಕು.

ಜಡಗಟ್ಟಿದ ಇಂಜಿನ್

ನಿಂತ ಗಾಡಿ ಸಿಕ್ಕ ತಕ್ಷಣ ಕಿಕ್ಕರ್ ಮೇಲೆ ಹತ್ತಿ ತುಳಿಯುವುದು ಎಲ್ಲರಿಗೂ ಬರುವ ಆಸೆ. ತಡೆದುಕೊಳ್ಳಿ. ಜಾವಾ, ಯೆಜ್ಡಿಗಳಲ್ಲಿ ಗೇರ್ ಲಿವರೇ ಕಿಕ್ಕರ್: ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರೆ ಕಿಕ್ಕರ್, ಮುಂದಕ್ಕೆ ಮಡಚಿದರೆ ಗೇರು. ಹಿಡಿದುಕೊಂಡ ಇಂಜಿನ್ನಿನ ಮೇಲೆ ಬಲ ಬಿಟ್ಟರೆ ಆ ಲಿವರಿನ ಹಲ್ಲುಗಳೂ ಅದು ಕೂರುವ ಶಾಫ್ಟಿನ ಹಲ್ಲುಗಳೂ ಸವೆಯುತ್ತವೆ.

ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಡೀಸೆಲ್ ಮತ್ತು ಇಂಜಿನ್ ಆಯಿಲನ್ನು ಸಮ ಸಮ ಬೆರೆಸಿ ಸಣ್ಣ ಲೋಟದಷ್ಟು ಹಾಕಿ. ಮೂರು ನಾಲ್ಕು ದಿನ ಬಿಡಿ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿ. ನನ್ನದು ಆರನೆಯ ದಿನ ಕೂದಲೆಳೆಯಷ್ಟು ಅಲುಗಿತು. ಎಂಟನೆಯ ದಿನ ಪೂರ್ತಿ ಸುತ್ತಿತು.

ಸುತ್ತಿದರೂ ಹೆಡ್ ಮತ್ತು ಸಿಲಿಂಡರ್ ಬಿಚ್ಚಿ ನೋಡಲೇಬೇಕು. ಈ ಇಂಜಿನ್ನಿನ ಬೋರು (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ., ಸ್ಟ್ರೋಕು (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75 ಮಿ.ಮೀ. ಸಿಲಿಂಡರಿನ ಒಳಗೋಡೆಯನ್ನು ಬಟ್ಟೆಯಿಂದ ಒರೆಸಿ ಉಗುರಿನಿಂದ ಸವರಿ. ಉಗುರಿಗೆ ಗೆರೆ ಸಿಕ್ಕಿದರೆ ಲೇತ್ ಶಾಪಿನಲ್ಲಿ ಮರುಬೋರ್ ಮಾಡಿಸುವುದು ಅನಿವಾರ್ಯ. ಪಿಸ್ಟನ್ನನ್ನು ಮೊದಲು ಕೊಂಡು, ಅದನ್ನೇ ಲೇತಿನವರ ಕೈಗೆ ಕೊಟ್ಟು, ಅದರ ಅಳತೆಗೆ ಬೋರ್ ಮಾಡಿಸಿ. ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಿದವರು ಪೇಚಿಗೆ ಸಿಲುಕುವುದನ್ನು ಕಂಡಿದ್ದೇನೆ.

ಪಿಸ್ಟನ್ ಜೋಡಿಸುವಾಗ ಮೂರು ವಿಷಯ ಮರೆಯಬೇಡಿ. ಪಿನ್ನನ್ನು ಹಿಡಿದಿಡುವ ಸಣ್ಣ ಕ್ಲಿಪ್ (ಸರ್ಕ್ಲಿಪ್) ಹಾಕುವ ಮೊದಲು ಸಿಲಿಂಡರಿನ ಕೆಳಗಿನ ಗೂಡಾದ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿ. ಕ್ಲಿಪ್ ಒಳಕ್ಕೆ ಜಾರಿದರೆ ಇಡೀ ಇಂಜಿನ್ ಬಿಚ್ಚಬೇಕಾಗುತ್ತದೆ. ಪಿಸ್ಟನ್ ತಲೆಯ ಮೇಲಿನ ಬಾಣ ಮುಂದಕ್ಕೆ, ಸೈಲೆನ್ಸರ್ ಪೈಪು ಹೊರಡುವ ಕಡೆಗೆ ಇರಲಿ. ಟೂ ಸ್ಟ್ರೋಕ್ ಪಿಸ್ಟನ್ನಿನ ರಿಂಗು ಕೂರುವ ತೋಡಿನಲ್ಲಿ ಒಂದು ಸಣ್ಣ ಮೊಳೆ ಇರುತ್ತದೆ, ರಿಂಗಿನ ಎರಡು ತುದಿಗಳೂ ಆ ಮೊಳೆಯ ಅಕ್ಕಪಕ್ಕಕ್ಕೇ ಬರಬೇಕು. ತಪ್ಪಿ ಕೂತ ರಿಂಗು ಸಿಲಿಂಡರ್ ಇಳಿಸುವಾಗಲೇ ಮುರಿಯುತ್ತದೆ.

ಆಯಿಲ್ ಸೀಲುಗಳನ್ನು ‘ಇನ್ನೂ ಚೆನ್ನಾಗಿದೆ’ ಎಂದು ಉಳಿಸಬೇಡಿ. ಟೂ ಸ್ಟ್ರೋಕ್ ಇಂಜಿನ್ನಿಗೆ ಕ್ರ್ಯಾಂಕ್‌ಕೇಸೇ ಗಾಳಿ ಎಳೆಯುವ ಪಂಪು. ವರ್ಷಗಟ್ಟಲೆ ನಿಂತ ಗಾಡಿಯ ರಬ್ಬರ್ ಸೀಲು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಕ್ಲಚ್ ಕಡೆಯ ಸೀಲು ಹೋದರೆ ಇಂಜಿನ್ ಆ ಕಡೆಯ ಆಯಿಲನ್ನೇ ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತದೆ. ಇನ್ನೊಂದು ಕಡೆಯ ಸೀಲು ಹೋದರೆ ಬೇಡದ ಗಾಳಿ ಒಳಹೊಕ್ಕು ಇಂಜಿನ್ ವಿಪರೀತ ಕಾಯುತ್ತದೆ, ಹೊಸ ಪಿಸ್ಟನ್ನೂ ಹಿಡಿದುಕೊಳ್ಳಬಹುದು. ಅಗ್ಗದ ಒಂದು ಸೀಲನ್ನು ಉಳಿಸಲು ಹೋಗಿ ಬೋರಿನ ಖರ್ಚನ್ನು ಎರಡನೆಯ ಸಲ ತೆತ್ತವರಿದ್ದಾರೆ.

ಪೆಟ್ರೋಲು ಹರಿಯುವ ದಾರಿ

ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ಕೆಂಪು ಹುಡಿ ಕಂಡರೆ ಒಂದು ಹಿಡಿ ಸಣ್ಣ ನಟ್ಟುಗಳನ್ನು ಎಣಿಸಿ ಹಾಕಿ, ಬಿಳಿ ವಿನಿಗರ್ ತುಂಬಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಚೆನ್ನಾಗಿ ಕುಲುಕಿ ಚೆಲ್ಲಿ, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ. ಒಣಗಿದ ಕೂಡಲೇ ಸ್ವಲ್ಪ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಹಾಕಿ ಒಳಗೆಲ್ಲ ಹರಿಯುವಂತೆ ಆಡಿಸಿ, ಇಲ್ಲದಿದ್ದರೆ ಸಂಜೆಯೊಳಗೆ ಮತ್ತೆ ತುಕ್ಕು ಹಿಡಿಯುತ್ತದೆ. ಹಾಕಿದ ನಟ್ಟುಗಳೆಲ್ಲ ಹೊರಬಂದವೇ, ಎಣಿಸಿಕೊಳ್ಳಿ. ತೂತು ಬಿದ್ದ ಟ್ಯಾಂಕನ್ನು ಮಾತ್ರ ಮನೆಯಲ್ಲಿ ಬೆಸೆಯಲು ಹೋಗಬೇಡಿ. ಬರಿದಾಗಿ ಕಾಣುವ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಉಳಿದಿರುತ್ತದೆ, ಒಂದು ಕಿಡಿಗೆ ಅದು ಸಿಡಿಯುತ್ತದೆ.

ಕಾರ್ಬೊರೇಟರಿನ ಫ್ಲೋಟ್ ಬೌಲಿನಲ್ಲಿ ಹಳೆಯ ಪೆಟ್ರೋಲು ಅಂಟಿನಂತೆ ಕೂತಿರುತ್ತದೆ. ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ತೂತಿನ ಜೆಟ್ಟುಗಳನ್ನು ಬಿಚ್ಚಿ ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಊದಿ. ಜೆಟ್ಟಿನ ತೂತಿಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾದರೆ ಮತ್ತೆ ಚಿಕ್ಕದಾಗುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಪೈಪನ್ನು ಹಾಳು ಮಾಡುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿ. ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಬೌಲ್ ಖಾಲಿಯಾಗಿ ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ.

ಸೈಲೆನ್ಸರುಗಳನ್ನೂ ಈಗಲೇ ನೋಡಿಬಿಡಿ. ಒಳಗೆ ಶಬ್ದ ತಗ್ಗಿಸುವ ಬ್ಯಾಫಲ್ ಎಳೆದು ತೆಗೆದು, ಕರಿ ಕೆರೆದು, ಮತ್ತೆ ಹಾಕಿ. ಶಬ್ದ ಚೆನ್ನಾಗಿರಲೆಂದು ಬ್ಯಾಫಲ್ ಇಲ್ಲದೆ ಓಡಿಸುವವರಿದ್ದಾರೆ. ಟೂ ಸ್ಟ್ರೋಕಿನ ಬಲ ಸೈಲೆನ್ಸರಿನ ಹಿಮ್ಮೊತ್ತಡವನ್ನೂ ನೆಚ್ಚಿಕೊಂಡಿದೆ, ಬ್ಯಾಫಲ್ ತೆಗೆದರೆ ಎಳೆಯುವ ಶಕ್ತಿ ಕುಗ್ಗುತ್ತದೆ, ಬೀದಿಯವರ ನಿದ್ದೆಯೂ ಕೆಡುತ್ತದೆ.

ಕಿಡಿ

ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟುಗಳನ್ನು ನಯವಾದ ಎಮರಿ ಪೇಪರಿನಿಂದ ಉಜ್ಜಿ, ಪೂರ್ತಿ ತೆರೆದಾಗ ಅಂತರ 0.4 ಮಿ.ಮೀ. ಇರುವಂತೆ ಫೀಲರ್ ಗೇಜಿನಿಂದ ಹೊಂದಿಸಿ. ಪ್ಲಗ್ಗಿನ ಅಂತರ 0.6 ಮಿ.ಮೀ. ಕಂಡೆನ್ಸರ್ ಹೊಸದನ್ನೇ ಹಾಕಿ.

ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು ಹೊಂದಿಸುವುದು, ಎಂದರೆ ಹೆದರುವವರು ಹೆಚ್ಚು. ಕೆಲಸ ಇಷ್ಟೇ: ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಕೆಲವೇ ಮಿಲಿಮೀಟರ್ ಮುಂಚೆ ಪಾಯಿಂಟು ಬಾಯಿ ತೆರೆಯಬೇಕು. ಎಷ್ಟು ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ನಿಮ್ಮ ಗಾಡಿಯ ಕೈಪಿಡಿಯ ಸಂಖ್ಯೆಯನ್ನೇ ಹಿಡಿಯಿರಿ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಕೂರಿಸಿ ಮೇಲ್ತುದಿ ಗುರುತಿಸಿ, ಅಲ್ಲಿಂದ ಅಷ್ಟು ಹಿಂದಕ್ಕೆ ತನ್ನಿ. ಪಾಯಿಂಟಿನ ನಡುವೆ ಸಿಗರೇಟ್ ಪ್ಯಾಕಿನೊಳಗಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ. ಸರಿಯಾದ ಜಾಗದಲ್ಲಿ ಕಾಗದ ಆಗತಾನೇ ಸಡಿಲವಾಗಿ ಜಾರಿಬರಬೇಕು. ಹಳೆಯ ಮೆಕ್ಯಾನಿಕ್‌ಗಳು ಕಣ್ಣು ಮುಚ್ಚಿಕೊಂಡು ಮಾಡುವ ಈ ಕೆಲಸಕ್ಕೆ ನನಗೆ ಎರಡು ಭಾನುವಾರ ಬೇಕಾಯಿತು.

ಆರು ವೋಲ್ಟಿನ ಗಾಡಿಯ ದೀಪ ಮಂಕು ಎಂಬುದು ಎಲ್ಲರ ದೂರು. ಮೊದಲು ಅರ್ಥ್ ವೈರು ಕೂರುವ ಜಾಗಗಳನ್ನೆಲ್ಲ ಲೋಹ ಹೊಳೆಯುವಂತೆ ಉಜ್ಜಿ. ಮಂಕಿಗೆ ಕಾರಣ ಬಹಳ ಸಲ ಅಲ್ಲೇ ಇರುತ್ತದೆ.

ಚಾಲೂ ಮಾಡುವ ದಿನ

ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ ಆಯಿಲ್ ಬೆರೆಸಿ. ಬೇರೆ ಡಬ್ಬಿಯಲ್ಲೇ ಕಲಸಿ ಆಮೇಲೆ ಟ್ಯಾಂಕಿಗೆ ಸುರಿಯಿರಿ. ಗೇರ್‌ಬಾಕ್ಸಿಗೆ ಹೊಸ ಆಯಿಲ್ ಹಾಕಿದ್ದೀರಾ, ಇನ್ನೊಮ್ಮೆ ನೋಡಿ. ಬ್ರೇಕ್ ಶೂ, ಟೈರು, ಕೇಬಲ್ಲು ಹೊಸದಾಗದೆ ಗಾಡಿ ಗೇಟು ದಾಟಬಾರದು. ಶೆಡ್ಡಿನ ಬಾಗಿಲು ಪೂರ್ತಿ ತೆರೆದಿರಲಿ, ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಪ್ರಾಣಕ್ಕೇ ಅಪಾಯ.

ನಮ್ಮದು ಚಾಲೂ ಆದದ್ದು ಹನ್ನೊಂದನೆಯ ಕಿಕ್ಕಿಗೆ. ಒಳಗೆ ಕಾಫಿ ಕುಡಿಯುತ್ತಿದ್ದ ಮಾವ ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಒಂದು ನಿಮಿಷ ಕಿವಿಗೊಟ್ಟು, “ಸ್ವಲ್ಪ ಜಾಸ್ತಿ ಪೆಟ್ರೋಲು ಕುಡೀತಿದೆ ಕಣೋ, ಏರ್ ಸ್ಕ್ರೂ ಅರ್ಧ ಸುತ್ತು ಬಿಚ್ಚು” ಅಂದರು. ಬಿಚ್ಚಿದೆ. ಸದ್ದು ಸಮವಾಯಿತು.

ಇಷ್ಟಾದ ಮೇಲೆ ಬಣ್ಣ. ಐನೂರು ಕಿಲೋಮೀಟರ್ ಓಡಿಸಿ, ಸೋರುವುದೆಲ್ಲ ಸೋರಿ ಸರಿಯಾದ ಮೇಲೆಯೇ ಫ್ರೇಮು ಬಿಚ್ಚಿ. ಹಳೆಯ ಬಣ್ಣ, ತುಕ್ಕು ತೆಗೆಯಲು ಮರಳು ಊದಿಸುವುದಕ್ಕೆ ಕೊಡುವಾಗ ಚೇಸಿಸ್ ನಂಬರಿನ ಮೇಲೆ ದಪ್ಪ ಟೇಪು ಸುತ್ತಿ, ಅದನ್ನು ಮುಟ್ಟಬಾರದೆಂದು ಬಾಯಲ್ಲೂ ಹೇಳಿ. ನಂಬರ್ ಅಳಿಸಿದ ಫ್ರೇಮು ಆರ್‌ಟಿಒ ಮುಂದೆ ಬರೀ ಕಬ್ಬಿಣ. ಟ್ಯಾಂಕಿನ ಗೆರೆಗಳಿಗೆ ಸ್ಟಿಕ್ಕರ್ ಬೇಡ, ಕುಂಚದಲ್ಲಿ ಗೆರೆ ಎಳೆಯುವ ಬೋರ್ಡ್ ಬರೆಯುವವರನ್ನು ಹುಡುಕಿ.

ಆ ಐನೂರು ಕಿಲೋಮೀಟರ್ ಗಂಟೆಗೆ ಐವತ್ತರ ಒಳಗೇ ಇರಲಿ. ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ದೊಡ್ಡ ಏರು ಹತ್ತಿಸಬೇಡಿ. ಚಾಮುಂಡಿ ಬೆಟ್ಟ ಕಾಯುತ್ತದೆ. ಮೊದಲ ಸವಾರಿಯಿಂದ ಬಂದು ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿ ಮಾಡಿ.