ಮೂರು ನಿಮಿಷದ ಪ್ಲೇಟಿನಿಂದ ಖ್ಯಾಲ್ ಕೇಳಲು ಕಲಿತದ್ದು: ನನ್ನ ಅನುಭವ

ಹಿಂದೂಸ್ತಾನಿ ಸಂಗೀತದ ಮುಖ್ಯ ಪ್ರಕಾರವಾದ ಖ್ಯಾಲ್ ಗಾಯನವನ್ನು ಕೇಳಲು ಕಲಿಯುವವರಿಗೆ ಹಳೆಯ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತಿನ) ಗ್ರಾಮಫೋನ್ ಪ್ಲೇಟುಗಳೇ ಮೊದಲ ಪಾಠವಾಗಬೇಕು ಎಂದು ನಾನು ಹೇಳಿದಾಗ ಸಿರ್ಸಿ ಸೀಮೆಯ ಸಂಗೀತಾಸಕ್ತರಲ್ಲಿ ಬಹುಪಾಲು ಜನ ನಕ್ಕಿದ್ದರು. ಮೂರು, ಮೂರೂವರೆ ನಿಮಿಷದಲ್ಲಿ ರಾಗ ಎಷ್ಟು ಬಿಚ್ಚಿಕೊಂಡೀತು ಎಂಬುದು ಅವರ ಆಕ್ಷೇಪ. ಹಾಗೆ ಆಕ್ಷೇಪಿಸಿದವರಲ್ಲಿ ಜೀವಮಾನವಿಡೀ ಹಾರ್ಮೋನಿಯಂ ನುಡಿಸಿದವರೂ ಊರ ಬೈಠಕ್ಕುಗಳಿಗೆ ಕೈಯಿಂದ ಹಣ ಹಾಕಿದವರೂ ಇದ್ದುದರಿಂದ ನಾನು ಎದುರಾಡಲಿಲ್ಲ. ಈಗ ನಾಲ್ಕೈದು ವರ್ಷಗಳಾಗಿವೆ. ನಮ್ಮ ಮನೆಯ ಮೆತ್ತಿನ ಮೇಲೆ ತಿಂಗಳಿಗೆ ಎರಡು ಸಲ ಸೇರುವ ಇಪ್ಪತ್ತು ಚಿಲ್ಲರೆ ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಿಧಾನಗತಿಯ ವಿಲಂಬಿತ ಏಕತಾಲದಲ್ಲಿ ಯಾರ ನೆರವೂ ಇಲ್ಲದೆ ಸಮ್ (ತಾಳದ ಆವರ್ತನದ ಮೊದಲ ಪೆಟ್ಟು) ಹಿಡಿಯುತ್ತಾರೆ; ರಾಗಗಳಲ್ಲಿ ಮಾರ್ವಾ ಯಾವುದು, ಪೂರಿಯಾ ಯಾವುದು ಎಂದು ಹೆಸರು ಹೇಳದೆ ಹಾಕಿದರೂ ಬೇರ್ಪಡಿಸುತ್ತಾರೆ. ಇವರಲ್ಲಿ ಹಾಡಲು ಕಲಿತವರು ಒಬ್ಬಿಬ್ಬರು. ಉಳಿದವರೆಲ್ಲ ತೋಟ, ಶಾಲೆ, ಬ್ಯಾಂಕು ಎಂದು ಬದುಕುವವರು. ಅಂದು ನಕ್ಕವರಲ್ಲಿ ಇಬ್ಬರು ಈಗ ತಮ್ಮ ಊರುಗಳಲ್ಲಿ ಇದೇ ಕ್ರಮ ಹಿಡಿದಿದ್ದಾರೆ, ಪ್ಲೇಟುಗಳನ್ನೂ ನನ್ನಿಂದಲೇ ಒಯ್ಯುತ್ತಾರೆ. ಆದ್ದರಿಂದ ಈ ಕ್ರಮವನ್ನು ಬರೆದಿಡುವ ಅಧಿಕಾರ ನನಗಿದೆ ಎಂದು ತಿಳಿದಿದ್ದೇನೆ.

ಪ್ಲೇಟಿಗೆ ಬರುವ ಮೊದಲು ಮೂರು ದಾರಿಗಳು ಸೋತವು. ಮೊದಲನೆಯದು ಕಪ್ಪು ಹಲಗೆಯ ದಾರಿ. ಸಂಗೀತಶಾಸ್ತ್ರಜ್ಞ ಭಾತಖಂಡೆಯವರು ರಾಗಗಳನ್ನು ವಿಂಗಡಿಸಿದ ಹತ್ತು ಥಾಟ್‌ಗಳನ್ನು ಬರೆದು, ಆರೋಹ, ಅವರೋಹ, ವಾದಿ, ಸಂವಾದಿ ಎಲ್ಲವನ್ನೂ ಒಪ್ಪವಾಗಿ ಹೇಳಿಕೊಟ್ಟೆವು. ಮೊದಲ ದಿನ ಮೆತ್ತು ತುಂಬಿತ್ತು. ಮೂರನೆಯ ತಿಂಗಳಿಗೆ ನನ್ನ ಭಾವ ಮತ್ತು ಅವರ ಗೆಳೆಯರೊಬ್ಬರು ಮಾತ್ರ ಉಳಿದರು, ಅವರೂ ಚಹಾದ ದಾಕ್ಷಿಣ್ಯಕ್ಕೆ. ಎರಡನೆಯದು ದೊಡ್ಡ ಕಲಾವಿದರ ಪೂರ್ಣ ಕಛೇರಿಯನ್ನು ಕೇಳಿಸುವ ದಾರಿ. ಐವತ್ತು ನಿಮಿಷದ, ನಿಧಾನಗತಿಯ ಬಡಾ ಖ್ಯಾಲಿನಲ್ಲಿ ತಾಳದ ಒಂದು ಆವರ್ತನವೇ ಮುಕ್ಕಾಲು ನಿಮಿಷದಿಂದ ಒಂದು ನಿಮಿಷದವರೆಗೆ ಸಾಗುವಾಗ, ಹೊಸ ಕಿವಿಗೆ ಸಮ್ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಹದಿನೈದನೆಯ ನಿಮಿಷಕ್ಕೆಲ್ಲ ಹಿಂದಿನ ಸಾಲಿನಲ್ಲಿ ಚಾಲಿ ಅಡಿಕೆಯ ದರದ ಮಾತು ಶುರುವಾಗುತ್ತಿತ್ತು. ಮೂರನೆಯದು ಹೊರಗಿನಿಂದ ತಜ್ಞರನ್ನು ಕರೆಸಿ ಎರಡು ದಿನದ ರಸಗ್ರಹಣ ಶಿಬಿರ ನಡೆಸಿದ್ದು. ಸಂಭಾವನೆ, ಪ್ರಯಾಣ, ಊಟ, ಶಾಮಿಯಾನ ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಆಸುಪಾಸು ಖರ್ಚಾಯಿತು. ತಜ್ಞರು ಚೆನ್ನಾಗಿಯೇ ಮಾತನಾಡಿದರು. ಆದರೆ ಎರಡು ದಿನದಲ್ಲಿ ಸಂಗೀತ ಕೇಳಿಸಿದ ಹೊತ್ತು ಒಟ್ಟು ಒಂದು ಗಂಟೆಯನ್ನು ದಾಟಿರಲಾರದು, ಉಳಿದದ್ದೆಲ್ಲ ಪರದೆಯ ಮೇಲಿನ ಚಿತ್ರಗಳು.

ಅದೇ ಸುಮಾರಿಗೆ ಗೋವೆಯ ಕಡೆಯ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರಿಂದ ಒಂದು ಪೆಟ್ಟಿಗೆ ಪ್ಲೇಟುಗಳು ನನ್ನ ಕೈಗೆ ಬಂದವು. ಒಂದಕ್ಕೆ ನೂರೈವತ್ತರಿಂದ ನಾನೂರು ರೂಪಾಯಿಯವರೆಗೆ ಬಿದ್ದಿತು. ಅರ್ಧದಷ್ಟು ನಾಟಕದ ಹಾಡು, ಕಾಲು ಭಾಗ ಸೀಳು ಬಿಟ್ಟವು. ನುಡಿಸುವ ಯಂತ್ರವನ್ನು ಬಳಸಿದ್ದೇ ಕೊಂಡದ್ದು, ಹನ್ನೆರಡು ಹದಿಮೂರು ಸಾವಿರ. ಎಲ್‌ಪಿಗೆ ಹಾಕುವ ಮುಳ್ಳು ಇಲ್ಲಿ ನಡೆಯುವುದಿಲ್ಲ, 78ರ ಗೀರು ಅಗಲವಾದ್ದರಿಂದ ಅದಕ್ಕೆ ಮೂರು ಪಟ್ಟಿನಷ್ಟು ದಪ್ಪ ತುದಿಯ ಮುಳ್ಳೇ ಬೇಕು. ಅದಕ್ಕೆ ಇನ್ನೊಂದು ನಾಲ್ಕು ಸಾವಿರ. ಆ ವರ್ಷದ ಚಾಲಿಯಲ್ಲಿ ಒಂದಷ್ಟು ಚೀಲ ಸಂಗೀತಕ್ಕೆ ಹೋಯಿತೆಂದು ಮನೆಯಲ್ಲಿ ಇವತ್ತಿಗೂ ಲೆಕ್ಕ ಹೇಳುತ್ತಾರೆ.

ಈ ಪ್ಲೇಟುಗಳನ್ನು ಕೇಳುತ್ತ ನನಗೆ ಹೊಳೆದದ್ದು ಇಷ್ಟು: ಮೂರು ನಿಮಿಷವೆಂಬ ಕಟ್ಟು ಗಾಯಕನನ್ನು ಅವಸರಪಡಿಸುತ್ತದೆ, ಆದರೆ ಕೇಳುಗನಿಗೆ ಅದರಿಂದ ಉಪಕಾರವೇ ಆಗುತ್ತದೆ. ರಾಗದ ಮುಖ ಮೊದಲ ಇಪ್ಪತ್ತು ಸೆಕೆಂಡಿನಲ್ಲೇ ಕಾಣಬೇಕು, ಬಂದಿಶ್ (ಹಾಡಿನ ರಚನೆ) ತಕ್ಷಣ ಹಿಡಿಯಬೇಕು, ವೇಗದ ಸ್ವರಮಾಲೆಗಳಾದ ತಾನಗಳೂ ಅಷ್ಟರೊಳಗೇ ಮುಗಿಯಬೇಕು. ವಿಲಂಬಿತಕ್ಕೆ ಅಲ್ಲಿ ಎಡೆಯೇ ಇಲ್ಲವಾದ್ದರಿಂದ ಸಮ್ ಬೇಗ ಬೇಗ ಬರುತ್ತದೆ, ಕೈ ತಾನಾಗಿ ತಾಳಕ್ಕೆ ಕೂಡುತ್ತದೆ. ಹತ್ತು ನಿಮಿಷದಲ್ಲಿ ಒಂದೇ ಪ್ಲೇಟನ್ನು ಮೂರು ಸಲ ಕೇಳಬಹುದು, ಮೂರನೆಯ ಸಲಕ್ಕೆ ಮುಂದೇನು ಬರುತ್ತದೆಂಬುದು ಕಿವಿಗೆ ಗೊತ್ತಿರುತ್ತದೆ. ಮಗು ಅಜ್ಜಿಯ ಕತೆಯನ್ನು ಮತ್ತೆ ಮತ್ತೆ ಹೇಳಿಸಿಕೊಂಡು ಹಿಗ್ಗುವ ಬಗೆ ಇದು.

ನಮ್ಮ ಕ್ರಮ ಹೀಗಿದೆ. ಒಂದು ಬೈಠಕ್ಕಿಗೆ ಒಂದೇ ರಾಗ, ಹೆಚ್ಚೆಂದರೆ ನಾಲ್ಕು ಪ್ಲೇಟು. ಮೊದಲ ಸಲ ಸುಮ್ಮನೆ ಕೇಳುವುದು. ಎರಡನೆಯ ಸಲ ತೊಡೆಯ ಮೇಲೆ ತಾಳ ಹಾಕುವುದು. ಮೂರನೆಯ ಸಲ ತಂಬೂರಿಯೊಂದಿಗೆ ಷಡ್ಜವನ್ನು ಗುನುಗುತ್ತ ಕೇಳುವುದು. ಈ ಮೂರೂ ಮುಗಿಯುವ ತನಕ ಯಾರೂ ಬಾಯಿ ಬಿಡುವಂತಿಲ್ಲ, ನಾನೂ ಸೇರಿ. ಇತಿಹಾಸದ ಮಾತು ಅನಂತರ, ಅದೂ ಎರಡು ಮೂರು ವಾಕ್ಯ. ಮತ್ತು ಇತಿಹಾಸವನ್ನು ನಾವು ಹಿಂದುಮುಂದಾಗಿ ಕೇಳುತ್ತೇವೆ. ಭೈರವಿಯನ್ನೇ ನೋಡಿ. ಮೊದಲು ಎಲ್ಲರಿಗೂ ದಾಸರ ಪದಗಳಿಂದ ಪರಿಚಿತವಾದ ಭೀಮಸೇನ ಜೋಶಿಯವರ ಕಂಠದಲ್ಲಿ ‘ಜಮುನಾ ಕೆ ತೀರ’, ಅನಂತರ ಅವರ ಗುರು ಸವಾಯಿ ಗಂಧರ್ವರ ಭೈರವಿ, ಕೊನೆಗೆ ಗುರುವಿನ ಗುರು ಅಬ್ದುಲ್ ಕರೀಂ ಖಾನರ ಪ್ಲೇಟಿನಲ್ಲಿ ಮತ್ತದೇ ‘ಜಮುನಾ ಕೆ ತೀರ’. ಖಾನಸಾಹೇಬರು 1937ರಲ್ಲಿ ತೀರಿಕೊಂಡವರು, ಸವಾಯಿ ಗಂಧರ್ವರು 1952ರಲ್ಲಿ, ಭೀಮಸೇನರು 2011ರಲ್ಲಿ. ಮುಕ್ಕಾಲು ಶತಮಾನದ ಹರವು ಅರ್ಧ ಗಂಟೆಯಲ್ಲಿ ಕಿವಿಯೊಳಗೆ ಇಳಿಯುತ್ತದೆ. ಈ ಮೂವರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯವರು ಒಂದು ಸ್ವರದ ಮೇಲೆ ನಿಲ್ಲುವ ರೀತಿ ಎಂಥದ್ದು ಎಂಬುದನ್ನು ಆಮೇಲೆ ವಿವರಿಸಬೇಕಾಗುವುದಿಲ್ಲ. ಅದೇ ದಾರಿಯನ್ನು ಮುಂದಿನಿಂದ ಹಿಡಿದರೆ, ಅಂದರೆ ಖಾನಸಾಹೇಬರಿಂದಲೇ ಆರಂಭಿಸಿದರೆ, ಹೊಸಬರಿಗೆ ಆ ತೆಳು ಕಂಠವೂ ಪ್ಲೇಟಿನ ಗರಗರ ಶಬ್ದವೂ ಸೇರಿ ಬೇಸರ ಹುಟ್ಟಿಸುತ್ತವೆ. ನಾನು ಎರಡೂ ಬಗೆಯಲ್ಲಿ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಗಂಗೂಬಾಯಿ ಹಾನಗಲ್ಲರ ಪ್ಲೇಟು ನಮ್ಮಲ್ಲಿ ಒಂದು ಆಟವೇ ಆಗಿದೆ. 1930ರ ದಶಕದ ಅವರ ಮುದ್ರಿಕೆಗಳಲ್ಲಿ ದನಿ ತೆಳ್ಳಗೆ, ಎತ್ತರದಲ್ಲಿದೆ. ಗಂಟಲಿನ ಚಿಕಿತ್ಸೆಯ ನಂತರದ ದನಿ ಎಲ್ಲರಿಗೂ ಗೊತ್ತಿರುವ ಆ ಗಡಸು ದನಿ. ಹೆಸರು ಹೇಳದೆ ಎರಡನ್ನೂ ಹಾಕಿದರೆ ಇಬ್ಬರೂ ಒಬ್ಬರೇ ಎಂದು ಊಹಿಸಿದವರು ಇದುವರೆಗೆ ಸಿಕ್ಕಿಲ್ಲ. ಆದರೆ ಹೆಸರು ಹೇಳಿ ಇನ್ನೊಮ್ಮೆ ಹಾಕಿದಾಗ, ಸ್ವರದಿಂದ ಸ್ವರಕ್ಕೆ ಸಾಗುವ ನಡೆ ಒಂದೇ ಎಂದು ತಲೆದೂಗುವವರು ಹಲವರು. ಕಂಠ ಬೇರೆ, ಗಾಯಕಿ (ಹಾಡುವ ಶೈಲಿ) ಬೇರೆ ಎಂಬ ಪಾಠ ಇದಕ್ಕಿಂತ ಅಗ್ಗವಾಗಿ ಸಿಗಲಾರದು.

ಯಂತ್ರದ ವೇಗದ ವಿಚಾರವನ್ನು ಹಗುರಾಗಿ ಕಾಣಬಾರದು. ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೆ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕರಿ ಒಂದರ ಶ್ರುತಿ ಪಕ್ಕದ ಬಿಳಿ ಎರಡಕ್ಕೆ ಏರುತ್ತದೆ. ಹಿಂದಿನ ಕಾಲದ ಮುದ್ರಿಕೆಗಳು ಹೆಸರಿಗೆ 78. ನಿಜದಲ್ಲಿ ಎಪ್ಪತ್ತರ ಆಚೀಚೆ ತಿರುಗುವವೂ ಇವೆ, ಎಂಬತ್ತು ದಾಟುವವೂ ಇವೆ. ವೇಗ ನೋಡಲು 77 ಗೆರೆಗಳ ಕಾಗದದ ಚಕ್ರವನ್ನು ಪ್ಲೇಟಿನ ಮೇಲಿಟ್ಟು ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡುತ್ತೇನೆ, ಗೆರೆ ನಿಂತಂತೆ ಕಂಡರೆ ಸರಿ. ನಮ್ಮ ಮೆತ್ತಿನ ಹೊಸ ಎಲ್‌ಇಡಿ ದೀಪದಲ್ಲಿ ಗೆರೆಗಳು ಕಾಣಲೇ ಇಲ್ಲ, ಆದ್ದರಿಂದ ಗುಜರಿಗೆ ಹಾಕಿದ್ದ ಹಳೆಯ ಟ್ಯೂಬ್ ಪಟ್ಟಿಯನ್ನು ಮರಳಿ ತಂದು ಕಟ್ಟಿಸಿದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಇನ್ವರ್ಟರಿಗೆ ಬಂದಾಗ ಈ ಲೆಕ್ಕ ನಂಬುವಂತಿಲ್ಲ. ಆಗ ಶ್ರುತಿಪೆಟ್ಟಿಗೆ ಹಿಡಿದು ಕಿವಿಯಿಂದಲೇ ಹೊಂದಿಸಬೇಕು. ಪ್ಲೇಟನ್ನು ಸ್ಪಿರಿಟಿನಿಂದ ಒರೆಸಲೇಬಾರದು, ಅರಗು ಕರಗುತ್ತದೆ. ಆಷಾಢದ ತೇವದಲ್ಲಿ ಬೂಷ್ಟು ಹಿಡಿಯದಂತೆ ನಾನು ಲಕೋಟೆಯೊಳಗೆ ಇಡುವ ವಸ್ತು ಯಾವುದೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ತಂಬೂರಿಯ ಮೇಲೆ ಸುರಿದ ಹಣವಂತೂ ಸಾರ್ಥಕವಾಯಿತು. ಮೊದಮೊದಲು ಮೊಬೈಲಿನ ತಂಬೂರಿಯಿಂದ ಸಾಗಿಸುತ್ತಿದ್ದೆವು. ಮಾರ್ವಾದ ದಿನ ಅದು ಪಂಚಮವನ್ನೇ ನುಡಿಯುತ್ತ ಕುಳಿತಿತ್ತು. ಪಂಚಮವೇ ಇಲ್ಲದ ರಾಗದಲ್ಲಿ ಆ ತಂತಿ ನಿಷಾದಕ್ಕೋ ಧೈವತಕ್ಕೋ ಇಳಿಯಬೇಕು. ಮೊಬೈಲಿನಲ್ಲಿ ಅದನ್ನು ಬದಲಿಸುವುದು ಸುಲಭವೇ, ಆದರೆ ಜವಾರಿ (ಝೇಂಕಾರ) ಹೊಂದಿಸಿದ ನಿಜವಾದ ತಂತಿಯಿಂದ ಏಳುವ ಅನುನಾದ ಅದಕ್ಕಿಲ್ಲ. ಕೊನೆಗೆ ಮೀರಜಿಗೆ ಹೋಗಿ ಇಪ್ಪತ್ತು ಸಾವಿರ ಚಿಲ್ಲರೆ ಕೊಟ್ಟು ತಂಬೂರಿ ತಂದೆ; ಬಸ್ಸಿನಲ್ಲಿ ಅದಕ್ಕೂ ಒಂದು ಪೂರ್ತಿ ಟಿಕೆಟ್ಟು. ಆಮೇಲೆ ಒಂದು ಪ್ರಯೋಗ ಮಾಡಿದೆವು. ಮಾರ್ವಾದ ಕೋಮಲ ರಿಷಭದ ಒಂದೇ ಸಂಗತಿಯನ್ನು ನಮ್ಮ ಹಾಡುಗಾರರೊಬ್ಬರು ಒಮ್ಮೆ ತಂಬೂರಿಯೊಂದಿಗೆ, ಇನ್ನೊಮ್ಮೆ ಹಾರ್ಮೋನಿಯಂ ಜೊತೆಗೆ ಹಾಡಿದರು. ಎರಡನೆಯ ಸಲ ರಿಷಭ ಬೇರೆ ಕಡೆಗೆ ಸರಿಯಿತೆಂದು ಹಾಡುಗಾರಿಕೆಯ ಗಂಧವಿಲ್ಲದ ಮೂವರು ಕೈಯೆತ್ತಿದರು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿ 1971ರವರೆಗೆ ಹೊರಗಿಟ್ಟ ಜಗಳದ ಒಂದು ತುಂಡು ಹೀಗೆ ನಮ್ಮ ಮೆತ್ತಿನಲ್ಲೇ ಕೇಳಿಸಿತು. ನಿಷೇಧ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಹಾರ್ಮೋನಿಯಂ ಇಲ್ಲದ ಉತ್ತರ ಕನ್ನಡವನ್ನು ನಾನು ಕಲ್ಪಿಸಿಕೊಳ್ಳಲಾರೆ.

ನಮ್ಮವರದು ಯಕ್ಷಗಾನದ ಕಿವಿ. ಭಾಗವತಿಕೆ ಕೇಳಿ ಬೆಳೆದವರಿಗೆ ತಾಳದ ಭಯವಿಲ್ಲ, ಆದರೆ ಹೆಸರುಗಳು ಕಾಲಿಗೆ ತೊಡರುತ್ತವೆ. ನಮ್ಮ ರೂಪಕಕ್ಕೆ ಆರು ಅಕ್ಷರ, ಹಿಂದೂಸ್ತಾನಿಯವರ ರೂಪಕಕ್ಕೆ ಏಳು ಮಾತ್ರೆ, ಅದರಲ್ಲೂ ಸಮ್ ಇರುವಲ್ಲೇ ಖಾಲಿ, ಅಂದರೆ ತಟ್ಟದೆ ಕೈ ಬೀಸುವ ಜಾಗ. ಮದ್ದಳೆಯ ಅಭ್ಯಾಸವಿದ್ದ ಹಿರಿಯರೊಬ್ಬರು ಇದರ ಮೇಲೆ ಸಿಟ್ಟಾಗಿ ಎರಡು ಬೈಠಕ್ಕಿಗೆ ಬರಲೇ ಇಲ್ಲ. ಆಮೇಲೆ ಬಂದು ಝಪತಾಲದಿಂದ ಶುರು ಮಾಡಿದರು, ಹತ್ತು ಮಾತ್ರೆ ಅವರ ಝಂಪೆಗೆ ಹತ್ತಿರ. ಈಗ ನಮ್ಮಲ್ಲಿ ಸಮ್ ತಪ್ಪಿದವರನ್ನು ಕಣ್ಣಿನಲ್ಲೇ ಗದರಿಸುವವರು ಅವರೇ.

ಮಾರ್ವಾ, ಪೂರಿಯಾ, ಸೋಹನಿ ಮೂರಕ್ಕೂ ಸ್ವರಗಳು ಒಂದೇ: ಕೋಮಲ ರಿಷಭ, ತೀವ್ರ ಮಧ್ಯಮ, ಪಂಚಮ ವರ್ಜ್ಯ. ರಿಷಭ, ಧೈವತಗಳನ್ನು ಮೀಟುತ್ತ ಷಡ್ಜವನ್ನು ಮುಂದೂಡಿದರೆ ಮಾರ್ವಾ, ಗಾಂಧಾರ, ನಿಷಾದ ಹಿಡಿದು ಮಂದ್ರಕ್ಕೆ ಇಳಿದರೆ ಪೂರಿಯಾ, ತಾರ ಸಪ್ತಕದ ಕಡೆಗೇ ಹಾರಿದರೆ ಸೋಹನಿ. ಇದನ್ನು ನಾವು, ಹೀಗೆಯೇ ಒಂದೇ ಸ್ವರಗಳಿರುವ ಭೂಪ್, ದೇಶಕಾರ ರಾಗಗಳ ಜೋಡಿ ಪಳಗಿದ ಮೇಲೆ ಮಾತ್ರ ಹಾಕುತ್ತೇವೆ. ಯಾವ ಮೂರು ಪ್ಲೇಟುಗಳನ್ನು ಯಾವ ಅನುಕ್ರಮದಲ್ಲಿ ಹಾಕಿದರೆ ಒಂದೇ ಸಂಜೆಯಲ್ಲಿ ಭೇದ ತಿಳಿಯುತ್ತದೆ ಎಂಬ ಪಟ್ಟಿ ನನ್ನ ಹತ್ತಿರವೇ ಇರಲಿ, ಅದಕ್ಕೆ ನಾನು ಎರಡು ಮಳೆಗಾಲ ಕಳೆದಿದ್ದೇನೆ. ಒಮ್ಮೆ ಕುಮಟೆಯ ಕಡಲ ದಂಡೆಯ ಗೆಳೆಯರ ಮನೆಯಲ್ಲಿ ಸೂರ್ಯಾಸ್ತದ ಹೊತ್ತಿಗೆ ಮಾರ್ವಾ ಹಾಕಿದೆವು, ಎಲ್ಲರೂ ಪರವಶರಾದರು. ಅದೇ ಪ್ಲೇಟನ್ನು ಇನ್ನೊಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ, ಕಿಟಕಿ ಮುಚ್ಚಿದ ಮೆತ್ತಿನಲ್ಲಿ, ಅದೇ ಜನಕ್ಕೆ ಹಾಕಿದೆ, ಆಗಲೂ ಪರವಶರಾದರು. ಇಂಥ ರಾಗವನ್ನು ಇಂಥ ಹೊತ್ತಿಗೇ ಹಾಡಬೇಕೆಂಬ ಸಮಯದ ನಿಯಮದಲ್ಲಿ ಅಭ್ಯಾಸದ ಪಾಲು ದೊಡ್ಡದೆಂದು ನನಗೆ ತೋರುತ್ತದೆ. ಹೀಗೆಂದ ಮೇಲೆ ನನ್ನ ಗಾಯಕ ಮಿತ್ರರೊಬ್ಬರು ಬಹಳ ದಿನ ಫೋನು ಎತ್ತಲಿಲ್ಲ.

ಪ್ಲೇಟಿನಿಂದ ಬಡಾ ಖ್ಯಾಲಿಗೆ ದಾಟಿಸುವುದು ಐದಾರು ತಿಂಗಳ ನಂತರ. ಆಗಲೂ ಮೊದಲು ಕೊನೆಗೆ ಬರುವ ವೇಗದ ಚೋಟಾ ಖ್ಯಾಲನ್ನು ಕೇಳಿಸಿ, ಅನಂತರ ಹದಿನೈದು ನಿಮಿಷ ಹಿಂದಿನಿಂದ, ಮುಂದಿನ ಸಲ ಅರ್ಧ ಗಂಟೆ ಹಿಂದಿನಿಂದ, ಹೀಗೆ ಆರಂಭದ ಕಡೆಗೆ ಸರಿಯುತ್ತೇವೆ. ಎಲ್ಲಿಗೆ ತಲುಪಬೇಕೆಂದು ಗೊತ್ತಿರುವ ಕೇಳುಗ ನಿಧಾನಕ್ಕೆ ಹೆದರುವುದಿಲ್ಲ.

ಗೌಹರ್ ಜಾನಳ ಪ್ಲೇಟನ್ನು ಎಲ್ಲರೂ ಕುತೂಹಲಕ್ಕೆ ಕೇಳುತ್ತಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಮುದ್ರಿಸಿದವಳು, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಾಳೆ. ಜರ್ಮನಿಯಲ್ಲಿ ಪ್ಲೇಟು ಒತ್ತುವವರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಬೆಳೆದ ಪದ್ಧತಿ ಅದು. ಆಕೆ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡಳು ಎಂದರೆ ನಮ್ಮವರಿಗೆ ಆಶ್ಚರ್ಯ.

ಈ ವರ್ಷ ಜೈಪುರ ಅತ್ರೌಲಿ ಘರಾಣೆಗೆ ಕೈ ಹಾಕಿದ್ದೇವೆ, ಇಲ್ಲಿ ನನ್ನ ಹಿಂದುಮುಂದಿನ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಮಲ್ಲಿಕಾರ್ಜುನ ಮನ್ಸೂರರಿಂದ ಹಿಂದಕ್ಕೆ ಹೋದರೆ ಅವರಿಗೆ ಕಲಿಸಿದ ಮಂಜಿ ಖಾನ್, ಬುರ್ಜಿ ಖಾನ್, ಅವರ ತಂದೆ ಅಲ್ಲಾದಿಯಾ ಖಾನ್. ಆದರೆ ಅಲ್ಲಾದಿಯಾ ಖಾನರು ತಮ್ಮ ಕಂಠವನ್ನು ಪ್ಲೇಟಿಗೆ ಕೊಡಲೇ ಇಲ್ಲ. ಆದ್ದರಿಂದ ಹಿಂದಕ್ಕೆ ಹೋಗುವ ಬದಲು ಪಕ್ಕಕ್ಕೆ ಹೊರಳಿದ್ದೇವೆ: ಕಾರವಾರದಾಚೆಯ ಗೋವೆಯಲ್ಲೇ ಹುಟ್ಟಿ ಅಲ್ಲಾದಿಯಾ ಖಾನರಲ್ಲಿ ಕಲಿತ ಕೇಸರಬಾಯಿ ಕೇರಕರ್ ಮತ್ತು ಮೋಗೂಬಾಯಿ ಕುರ್ಡೀಕರ್. ಕೇಸರಬಾಯಿಯವರ ಭೈರವಿ 1977ರಲ್ಲಿ ವಾಯೇಜರ್ ನೌಕೆಯಲ್ಲಿ ಆಕಾಶಕ್ಕೆ ಹೋಯಿತು, ಅದೂ ಮೂರೂವರೆ ನಿಮಿಷದ್ದೇ. ನನ್ನನ್ನು ನೋಡಿ ನಕ್ಕವರಿಗೆ ಇದನ್ನು ಆಗಾಗ ನೆನಪಿಸುತ್ತಿರುತ್ತೇನೆ. ಮೋಗೂಬಾಯಿಯವರ ಒಳ್ಳೆಯ ಸ್ಥಿತಿಯ ಪ್ಲೇಟು ಇನ್ನೂ ಎರಡು ಬೇಕಾಗಿವೆ. ಸೀಳಿಲ್ಲದ್ದಾದರೆ ಐನೂರು ರೂಪಾಯಿಯವರೆಗೂ ಕೊಡುವ ವಿಚಾರವಿದೆ, ಅದಕ್ಕಿಂತ ಮೇಲಾದರೆ ಮುಂದಿನ ಸುಗ್ಗಿಯವರೆಗೆ ಕಾಯಬೇಕಾಗುತ್ತದೆ.