ನಾನು ಡಿಸ್ಕೊ ನುಡಿಸಲು ಕಲಿತದ್ದು ಹೀಗೆ

ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಒಂಬತ್ತು ವರ್ಷ ಡ್ರಮ್ಸ್ ನುಡಿಸಿದ್ದೇನೆ. ಮೈಸೂರು, ಮಂಡ್ಯ, ಹಾಸನ, ದಾವಣಗೆರೆ, ಕರೆದ ಕಡೆಗೆಲ್ಲ ಹೋಗುತ್ತಿದ್ದೆವು. ಭಕ್ತಿಗೀತೆಯಿಂದ ಶುರು, ಕುಣಿಯೋ ಹಾಡಿನಿಂದ ಮುಗಿಸೋದು. ಮಧ್ಯೆ ಜನ ಎದ್ದು ಹೋಗುವ ಹಾಗೆ ಕಂಡರೆ ನಮ್ಮ ಕೀಬೋರ್ಡ್ ಮೇಷ್ಟ್ರು ತಪ್ಪದೆ ಒಂದು ಹಾಡಿಗೆ ಕೈ ಹಾಕುತ್ತಿದ್ದರು. 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ'. ಆ ಹಾಡು ಬಂದಾಗ ನಾನು ಹುಟ್ಟಿರಲಿಲ್ಲ. ಎದುರಿಗೆ ನಿಂತ ಹುಡುಗರಂತೂ ಹುಟ್ಟಿರಲೇ ಇಲ್ಲ. ಆದರೂ ಬೀಟ್ ಶುರುವಾದ ಕೂಡಲೇ ಹಿಂದಿನ ಸಾಲಿನವರು ಮುಂದಕ್ಕೆ ಬರುತ್ತಿದ್ದರು.

ಆ ಹಾಡಿಗೆ ಸಂಗೀತ ಕೊಟ್ಟವರು ಬೆಂಗಳೂರಿನವರೇ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕೊಡವ ಮನೆತನದ ಬಿದ್ದು ಅಪ್ಪಯ್ಯ. ಇಲ್ಲೇ ಬ್ಯಾಂಡಿನಲ್ಲಿ ಹಾಡುತ್ತಿದ್ದವರು, ಅರವತ್ತರ ದಶಕದಲ್ಲಿ ಲಂಡನ್ನಿಗೆ ಹೋದರು. 1974ರಲ್ಲಿ ಅವರು ಕಾರ್ಲ್ ಡಗ್ಲಾಸ್ ಅವರಿಂದ ಹಾಡಿಸಿದ 'ಕುಂಗ್ ಫು ಫೈಟಿಂಗ್' ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಏರಿತು. ರೆಕಾರ್ಡಿನ ಹಿಂಬದಿಗೆ ಒಂದು ಹಾಡು ಇರಲಿ ಅಂತ, ಸ್ಟುಡಿಯೋದಲ್ಲಿ ಉಳಿದ ಸ್ವಲ್ಪ ಹೊತ್ತಿನಲ್ಲಿ ಮುಗಿಸಿದ ಹಾಡದು. ಡಿಸ್ಕೊ ಅನ್ನೋದು ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ಈ ಸಂಗತಿ ನನಗೆ ಈಗಲೂ ಹೆಮ್ಮೆ ತರುತ್ತದೆ.

ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ ಮೇಲೆ ಒಂದು ಬ್ಯಾಂಡ್ ಸೇರಿದೆ. ಐದು ಜನ. ಎಪ್ಪತ್ತರ ದಶಕದ ಡಿಸ್ಕೊ ಹಾಡುಗಳನ್ನು ಮಾತ್ರ ನುಡಿಸಬೇಕು ಅಂತ ಹೊರಟವರು. ಬೇಸ್ ಗಿಟಾರ್ ನುಡಿಸುವ ಅಣ್ಣ ನಮ್ಮೆಲ್ಲರಿಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೊದಲ ದಿನ ಎತ್ತಿಕೊಂಡದ್ದು ಅಮೆರಿಕದ ಶಿಕ್ ತಂಡದ 'ಗುಡ್ ಟೈಮ್ಸ್'. ಕೇಳಿದರೆ ಏನೂ ಇಲ್ಲ ಅನಿಸುತ್ತದೆ. ನಾನು ಆರ್ಕೆಸ್ಟ್ರಾದ ಅಭ್ಯಾಸದಲ್ಲಿ ನಾಲ್ಕು ಸಾಲಿಗೊಂದು ರೋಲ್ ಹಾಕಿದೆ, ಅಂದರೆ ಪಟಪಟ ಅಂತ ಏಟು ಸುರಿಸಿದೆ, ಸಿಕ್ಕಲ್ಲೆಲ್ಲ ಸಿಂಬಲ್ ಅನ್ನೋ ಲೋಹದ ತಟ್ಟೆ ಹೊಡೆದೆ. ಎರಡು ನಿಮಿಷಕ್ಕೇ ಅಣ್ಣ ನುಡಿಸೋದು ನಿಲ್ಲಿಸಿದರು.

"ಚೆನ್ನಾಗಿ ಬಾರಿಸ್ತೀಯ ಕಣೋ. ಆದ್ರೆ ಇದಕ್ಕೆ ಕುಣಿಯೋಕಾಗಲ್ಲ" ಅಂದರು.

"ಯಾಕಣ್ಣಾ? ಟೆಂಪೋ ಸರಿ ಇತ್ತಲ್ವಾ?"

"ಅವರು ಕಾಲಿಡೋ ಜಾಗದಲ್ಲೆಲ್ಲ ನೀನೇ ನಿಂತಿದ್ದೀಯ. ಸ್ವಲ್ಪ ಜಾಗ ಬಿಡು."

ಆ ಜಾಗ ಬಿಡೋದನ್ನು ಕಲಿಯಲು ನನಗೆ ಎಂಟು ತಿಂಗಳು ಬೇಕಾಯಿತು.

ಡಿಸ್ಕೊ ಬೀಟನ್ನು ಬಾಯಲ್ಲಿ ಹೇಳೋದು ಸುಲಭ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ನಾಲ್ಕೂ ಎಣಿಕೆಗೆ ಕಿಕ್, ಅಂದರೆ ಬಲಗಾಲಿನ ಪೆಡಲಿನಿಂದ ಹೊಡೆಯುವ ದೊಡ್ಡ ಡ್ರಮ್. ಎರಡಕ್ಕೆ ಮತ್ತು ನಾಲ್ಕಕ್ಕೆ ಎಡಗೈಯಿಂದ ಸ್ನೇರ್ ಅನ್ನೋ ಚಿಕ್ಕ ಡ್ರಮ್. ಎಣಿಕೆ ಎಣಿಕೆಯ ನಡುವೆ ಹೈಹ್ಯಾಟಿನ ಎರಡು ತಟ್ಟೆಗಳು ಬಾಯಿ ತೆರೆಯಬೇಕು. 'ತ್ಸ್' ಅನ್ನಬೇಕು. ಮುಂದಿನ ಎಣಿಕೆಗೆ ಎಡಗಾಲು ಪೆಡಲ್ ಒತ್ತಿ ಆ ಸದ್ದನ್ನು ಕತ್ತರಿಸಬೇಕು. ಇಷ್ಟೇ. ಕಷ್ಟ ಇರೋದು ಆ 'ತ್ಸ್'ನಲ್ಲಿ. ಉದ್ದ ಆದರೆ ಹಾಡು ಕೆಸರಲ್ಲಿ ನಡೆದ ಹಾಗೆ ಕೇಳುತ್ತದೆ. ಗಿಡ್ಡ ಆದರೆ ಹೊಲಿಗೆ ಮೆಷಿನ್ನು. ಕಿಕ್‌ಗೆ ಕುಣಿಯುವವರ ಹೆಜ್ಜೆ ಕೆಳಗಿಳಿಯುತ್ತದೆ, 'ತ್ಸ್'ಗೆ ಮೈ ಮೇಲೇಳುತ್ತದೆ. ಇಳಿಯೋದನ್ನು ಯಾವ ಡ್ರಮ್ಮರ್ ಬೇಕಾದರೂ ಕೊಡಬಹುದು. ಎತ್ತೋದೇ ಡಿಸ್ಕೊ.

ಇದನ್ನು ಹಾಕಿಕೊಟ್ಟವರು ಫಿಲಡೆಲ್ಫಿಯಾದ ಅರ್ಲ್ ಯಂಗ್. ಸಿಗ್ಮಾ ಸೌಂಡ್ ಸ್ಟುಡಿಯೋದಲ್ಲಿ ದಿನಾ ನುಡಿಸುತ್ತಿದ್ದ ಡ್ರಮ್ಮರ್. 1973ರಲ್ಲಿ ಹೆರಾಲ್ಡ್ ಮೆಲ್ವಿನ್ ತಂಡದ 'ದ ಲವ್ ಐ ಲಾಸ್ಟ್' ಹಾಡಿಗೆ ಅವರು ನುಡಿಸಿದ ಬೀಟ್‌ನಿಂದಲೇ ಡಿಸ್ಕೊ ಡ್ರಮ್ಸ್ ಶುರು ಅಂತ ಬಹಳ ಜನ ಹೇಳುತ್ತಾರೆ. ಪ್ರೀತಿ ಕಳಕೊಂಡವನ ಹಾಡು. ಮೊದಲು ನಿಧಾನದ ಹಾಡಾಗಿಯೇ ಇದ್ದದ್ದಂತೆ. ಅದರ ಕೆಳಗೆ ಅರ್ಲ್ ಯಂಗ್ ಓಡುವ ಬೀಟ್ ಇಟ್ಟರು. ದುಃಖ ಮೇಲೆ, ಕುಣಿತ ಕೆಳಗೆ. ಡಿಸ್ಕೊ ಹಾಡು ಹಳೆಯದಾಗದಿರಲು ಇದೂ ಒಂದು ಕಾರಣ ಅಂತ ನಾನು ನಂಬಿದ್ದೇನೆ. ಸುಮ್ನೆ ಖುಷಿಯ ಹಾಡುಗಳು ಬೇಗ ಸಪ್ಪೆಯಾಗುತ್ತವೆ.

ನಾನು ಮಾಡಿದ್ದು ಇಷ್ಟು. ಕಿಕ್ ಡ್ರಮ್ಮಿನೊಳಗೆ ಹಳೇ ಕಂಬಳಿ ತುರುಕಿದೆ. ಸ್ನೇರ್ ಮೇಲೆ ಕರ್ಚೀಫ್ ಮಡಿಸಿ ಟೇಪ್ ಅಂಟಿಸಿದೆ. ಆ ಕಾಲದ ರೆಕಾರ್ಡುಗಳಲ್ಲಿ ಡ್ರಮ್ಮಿನ ಸದ್ದು ಗಿಡ್ಡ, ಒಣ. ಮೊಳಗುವುದಿಲ್ಲ. ಸದ್ದು ಬೇಗ ಆರಿದರೆ ಬೇಸ್‌ಗೆ ಜಾಗ ಸಿಗುತ್ತದೆ. ಆಮೇಲೆ ತಾಳ ಎಣಿಸಿ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 110 ಏಟಿಗೆ ಇಟ್ಟು ಹತ್ತು ನಿಮಿಷ ಒಂದೇ ಬೀಟ್. ರೋಲ್ ಇಲ್ಲ, ಸಿಂಬಲ್ ಇಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಏಳನೇ ನಿಮಿಷದಿಂದ ಕೇಳುತ್ತಿದ್ದೆ. ಮೊದಲ ಎರಡು ನಿಮಿಷ ಎಲ್ಲರೂ ಸರಿಯಾಗಿಯೇ ನುಡಿಸುತ್ತಾರೆ. ಏಳನೆಯದರಲ್ಲಿ ಕಣಕಾಲು ಸೋಲುತ್ತದೆ, ಮನಸ್ಸು ಬೇರೆ ಏನಾದರೂ ಮಾಡೋಣ ಅನ್ನುತ್ತದೆ, ಆಗ ನಿಜ ಗೊತ್ತಾಗುತ್ತದೆ. ಊರ ಹಬ್ಬದ ತಮಟೆಯವರು ಒಂದೇ ವರಸೆಯನ್ನು ಅರ್ಧ ಗಂಟೆ ಬಿಡದೆ ಬಾರಿಸೋದನ್ನು ಚಿಕ್ಕಂದಿನಿಂದ ನೋಡಿದ್ದೆ. ಅದು ಎಂಥ ಕೆಲಸ ಅಂತ ನನಗೆ ಅರ್ಥ ಆದದ್ದು ಈ ಡಿಸ್ಕೊ ಅಭ್ಯಾಸದಲ್ಲಿ.

ಇದೆಲ್ಲ ಮೆಷಿನ್ ಮಾಡುತ್ತಲ್ವಾ ಅಂತ ಕೇಳುತ್ತಾರೆ. ನಾನೂ ಎಲೆಕ್ಟ್ರಾನಿಕ್ ಪ್ಯಾಡ್ ಮೇಲೆ ಮಾಡಿ ನೋಡಿದೆ. ಸರಿಯಾಗಿ ಇರುತ್ತದೆ, ಎತ್ತುವುದಿಲ್ಲ. 1977ರ 'ಐ ಫೀಲ್ ಲವ್' ಹಾಡನ್ನೇ ನೋಡಿ. ಮ್ಯೂನಿಕ್‌ನಲ್ಲಿ ಜಾರ್ಜಿಯೋ ಮೊರೊಡರ್ ಮತ್ತು ಪೀಟ್ ಬೆಲೊಟ್ ಅದನ್ನು ಮೂಗ್ ಅನ್ನೋ ಸಿಂಥಸೈಜರಿನಿಂದ, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯದಿಂದ, ಕಟ್ಟಿದರು. ಹಾಡಿದವರು ಡೊನ್ನಾ ಸಮ್ಮರ್. ಮೂಗ್‌ನಿಂದ ಸರಿಯಾದ ಕಿಕ್ ಹುಟ್ಟಲಿಲ್ಲ. ಕೀತ್ ಫೋರ್ಸಿ ಬಂದು ಕಾಲಿನಿಂದ ನುಡಿಸಿದರು. ಪೂರ್ತಿ ಯಂತ್ರದ್ದು ಅನ್ನಿಸುವ ಹಾಡಿನಡಿಯಲ್ಲಿ ಒಬ್ಬ ಮನುಷ್ಯನ ಪಾದ ಇದೆ. ಅದೇ ವರ್ಷದ 'ಸ್ಟೇಯಿನ್ ಅಲೈವ್' ಇದಕ್ಕೆ ತಿರುಗುಮುರುಗು. ಬೀ ಜೀಸ್ ತಂಡದ ಡ್ರಮ್ಮರ್ ಮನೆಯವರ ಕಷ್ಟಕ್ಕೆ ಊರಿಗೆ ಹೋಗಿದ್ದರು. ಆ ಡ್ರಮ್ಮರ್ ಹಿಂದೆ ಇನ್ನೊಂದು ಹಾಡಿಗೆ ನುಡಿಸಿದ್ದ ಎರಡು ಆವರ್ತವನ್ನು ಉಳಿದವರು ಟೇಪಿನಿಂದ ಕತ್ತರಿಸಿ, ಸುತ್ತಾಗಿ ಅಂಟಿಸಿ ಓಡಿಸಿದರು. ಮತ್ತೆ ಮತ್ತೆ ಬರೋದು ಅದೇ ಎರಡು ಆವರ್ತ, ಆದರೆ ಅವು ಕೈಯಿಂದ ಬಂದವು.

ಇನ್ನೊಂದು ಮಾತು ಹೇಳಲೇಬೇಕು. ಈ ಸಂಗೀತ ಬೆಳೆದದ್ದು ಹೊರಗೆ ಕೈ ಹಿಡಿದು ಕುಣಿಯಲು ಜಾಗ ಇಲ್ಲದವರ ನಡುವೆ. ನ್ಯೂಯಾರ್ಕಿನ ಕಪ್ಪು ಜನ, ಲ್ಯಾಟಿನೋ ಜನ, ಸಲಿಂಗಿಗಳು. 1970ರಲ್ಲಿ ಡೇವಿಡ್ ಮಂಕೂಸೊ ತನ್ನ ಮನೆಯಲ್ಲೇ, ಬ್ರಾಡ್‌ವೇಯ ಒಂದು ಹಳೇ ಗೋದಾಮಿನಲ್ಲಿ, ಅಂಥವರಿಗೆ ರಾತ್ರಿಯಿಡೀ ಹಾಡು ಹಾಕುತ್ತಿದ್ದ. ಅವರಿಗೆ ಮೂರು ನಿಮಿಷದ ಹಾಡು ಸಾಕಾಗುತ್ತಿರಲಿಲ್ಲ. 1976ರಲ್ಲಿ ಅಂಗಡಿಗೆ ಬಂದ 12 ಇಂಚಿನ ಸಿಂಗಲ್ ರೆಕಾರ್ಡ್ ಆ ಹಸಿವಿಗೆ ಹುಟ್ಟಿದ್ದು. 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ಕಂಡರಾಗದವರು ಸೇರಿ ರಾಶಿ ರಾಶಿ ಡಿಸ್ಕೊ ರೆಕಾರ್ಡುಗಳನ್ನು ಸಿಡಿಸಿ ಸುಟ್ಟರು. ಅದರ ಚಿತ್ರಗಳನ್ನು ನೋಡಿದಾಗ ನನಗೆ ಸಿಟ್ಟೇ ಬರುತ್ತದೆ. ಅದೇ ಊರಿನ ವೇರ್‌ಹೌಸ್ ಕ್ಲಬ್ಬಿನಲ್ಲಿ ಫ್ರಾಂಕಿ ನಕಲ್ಸ್ ಡಿಸ್ಕೊ ಹಾಕುತ್ತಲೇ ಇದ್ದರು. ಅಲ್ಲಿಂದ ಹೌಸ್ ಅನ್ನೋ ಕ್ಲಬ್ಬಿನ ಕುಣಿತದ ಸಂಗೀತ ಬಂತು. ಕಿಕ್ ನಾಲ್ಕೂ ಏಟಿಗೆ ಹಾಗೇ ಉಳಿಯಿತು.

ನಮ್ಮ ಮೊದಲ ಕಾರ್ಯಕ್ರಮ ಒಂದು ಮದುವೆಯ ಹಿಂದಿನ ಸಂಜೆ. ಇನ್ನೂರು ಜನ. ಕೊನೆಗೆ 'ಗುಡ್ ಟೈಮ್ಸ್'. ನಡುವೆ ಗಿಟಾರ್ ನಿಲ್ಲುತ್ತದೆ, ಕೀಬೋರ್ಡ್ ನಿಲ್ಲುತ್ತದೆ. ಅವತ್ತು ಅಣ್ಣ ಹೇಳದೆ ಕೇಳದೆ ಬೇಸನ್ನೂ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನೊಬ್ಬನೇ. ಕೈ ರೋಲ್‌ಗೆ ತುಡಿಯಿತು. ಬಿಟ್ಟೆ. ಕಿಕ್, ಸ್ನೇರ್, 'ತ್ಸ್'. ಹದಿನಾರು ಆವರ್ತ ಆಗಿರಬಹುದು. ಎರಡಕ್ಕೆ ಮತ್ತು ನಾಲ್ಕಕ್ಕೆ ಜನರ ಚಪ್ಪಾಳೆ ತಾನಾಗಿ ಬಂತು, ನನ್ನ ಸ್ನೇರ್ ಅದರಲ್ಲಿ ಮುಳುಗಿ ಹೋಯಿತು. ವಧುವಿನ ಅಜ್ಜಿ ಕೂತ ಕುರ್ಚಿಯಲ್ಲೇ ಭುಜ ಎತ್ತಿ ಇಳಿಸುತ್ತಿದ್ದರು. ಎತ್ತಿದ್ದು ಸರಿಯಾಗಿ 'ತ್ಸ್'ಗೆ. ಅಣ್ಣನೂ ಅದನ್ನು ನೋಡಿದರು. ಆಮೇಲೆ ಬೇಸ್ ಒಳಗೆ ಬಂತು.