ಹಸಿರು ಕಟ್ಟಡದ ಅರ್ಜಿ: ದಿನಕ್ಕೆ ಎಷ್ಟು ಜನ ಎಂದು ಲೆಕ್ಕ ಹಾಕುವುದು ಹೇಗೆ?

ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಲೀಡ್ (LEED) ಪ್ರಮಾಣಪತ್ರದ ಅರ್ಜಿಯಲ್ಲಿ ಶೌಚಾಲಯದ ನೀರು, ಸೈಕಲ್ ಸ್ಟ್ಯಾಂಡ್, ಸೈಕಲ್ ತುಳಿದು ಬರುವವರ ಸ್ನಾನದ ಮನೆ ಎಲ್ಲದರ ಲೆಕ್ಕವೂ ಕಟ್ಟಡ ಬಳಸುವ ಜನರ ಸಂಖ್ಯೆಯಿಂದಲೇ ಶುರುವಾಗುತ್ತದೆ. ಅಲ್ಲಿ ಎಡವಿದರೆ ಮುಂದಿನ ಯಾವ ಹಾಳೆಯೂ ಸರಿಹೋಗುವುದಿಲ್ಲ.

ಕುರ್ಚಿ ಎಣಿಸಬೇಡಿ, ಗಂಟೆ ಎಣಿಸಿ. ದಿನಕ್ಕೆ 8 ಗಂಟೆ ಇರುವವರು ಒಂದು ಎಫ್‌ಟಿಇ, ಅಂದರೆ ಒಬ್ಬ ಪೂರ್ಣಾವಧಿ ನೌಕರ. ಉಳಿದವರ ಗಂಟೆಗಳನ್ನು ಕೂಡಿಸಿ 8ರಿಂದ ಭಾಗಿಸಬೇಕು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿ ಎಂದುಕೊಳ್ಳೋಣ. 50,000 ಚದರಡಿ, 480 ಕುರ್ಚಿ. ಹಗಲು ಶಿಫ್ಟಿಗೆ ಬರುವವರು 300, ಸಂಜೆ ಶಿಫ್ಟಿಗೆ 100, ಎರಡೂ 8 ಗಂಟೆಯವು. ಅಲ್ಲಿಗೆ 400. ಹೌಸ್‌ಕೀಪಿಂಗ್‌ನವರು 20 ಜನ, ತಲಾ 4 ಗಂಟೆ: 80 ಭಾಗಿಸು 8, ಅಂದರೆ 10. ಸೆಕ್ಯುರಿಟಿ ಹಗಲು ರಾತ್ರಿ ಸೇರಿ 8 ಜನ, 12 ಗಂಟೆಯ ಡ್ಯೂಟಿ. ಇವರೊಬ್ಬೊಬ್ಬರೂ ಒಂದೂವರೆ ಎಫ್‌ಟಿಇ, ಒಟ್ಟು 12. ಕ್ಯಾಂಟೀನ್‌ನಲ್ಲಿ 8. ಎಲ್ಲ ಸೇರಿ 430.

ಹೆಚ್ಚಾಗಿ ಬಿಟ್ಟುಹೋಗುವವರು ಗುತ್ತಿಗೆಯವರೇ. ಎಚ್‌ಆರ್ ಕೊಡುವ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ. ಕಂಟ್ರಾಕ್ಟರ್‌ನ ಹಾಜರಿ ಪುಸ್ತಕವನ್ನೂ ಹಿಂದಿನ ಗೇಟಿನ ರಿಜಿಸ್ಟರನ್ನೂ ತರಿಸಿಕೊಳ್ಳಿ. ಇಡೀ ಕಟ್ಟಡ ತೊಳೆಯುವವರನ್ನೇ ಲೆಕ್ಕದಿಂದ ಬಿಡುವುದು ನ್ಯಾಯವೂ ಅಲ್ಲ. ಕೆಲವು ದಿನ ಮನೆಯಿಂದಲೇ ಕೆಲಸ ಮಾಡುವವರಿದ್ದರೆ ಸ್ವೈಪ್ ಕಾರ್ಡ್ ದಾಖಲೆಯ ಸರಾಸರಿ ಹಿಡಿಯಿರಿ.

ಕಟ್ಟಡ ಇನ್ನೂ ಕಟ್ಟುತ್ತಿದ್ದು, ಬಾಡಿಗೆದಾರರು ಯಾರೆಂದೇ ಗೊತ್ತಿಲ್ಲದಿದ್ದರೆ ಲೀಡ್‌ನ ಸಿದ್ಧ ಕೋಷ್ಟಕ ಬಳಸಬಹುದು: ಸಾಮಾನ್ಯ ಕಚೇರಿಗೆ 250 ಚದರಡಿಗೆ ಒಬ್ಬ ನೌಕರ. ನಮ್ಮ ಉದಾಹರಣೆಯಲ್ಲಿ ಅದು 200 ಜನ ಎನ್ನುತ್ತದೆ, ನಿಜದ ಅರ್ಧಕ್ಕಿಂತ ಕಡಿಮೆ! ನಮ್ಮ ಐಟಿ ಕಚೇರಿಗಳಲ್ಲಿ ಕುರ್ಚಿಗಳು ಅಷ್ಟು ಒತ್ತಾಗಿರುತ್ತವೆ. ನಿಜವಾದ ಅಂಕಿ ಸಿಗುವಂತಿದ್ದರೆ ಕೋಷ್ಟಕದ ಕಡೆ ಹೋಗಲೇಬೇಡಿ.

ಭೇಟಿಗೆ ಬರುವವರನ್ನು ಎಫ್‌ಟಿಇಗೆ ಸೇರಿಸಬಾರದು. ಅವರದು ಬೇರೆ ಸಾಲು, ಅದರಲ್ಲೂ ಎರಡು ಅಂಕಿ ಬೇಕು: ದಿನದ ಸರಾಸರಿ ನೀರಿನ ಲೆಕ್ಕಕ್ಕೆ, ಒಂದೇ ಹೊತ್ತಿಗೆ ಅತಿ ಹೆಚ್ಚು ಎಷ್ಟು ಜನ ಎಂಬುದು ಸೈಕಲ್ ಲೆಕ್ಕಕ್ಕೆ.

ನೀರಿನ ಹಾಳೆಯಲ್ಲಿ ಗಂಡು ಹೆಣ್ಣು ಅರ್ಧರ್ಧ ಎಂದೇ ಹಿಡಿಯುತ್ತಾರೆ. ಬೇರೆ ಪ್ರಮಾಣ ಹಾಕಿದರೆ ಕಾರಣ ಕೊಡಬೇಕು. ನೌಕರ ಮಹಿಳೆಗೆ ದಿನಕ್ಕೆ 3 ಸಲ ಕಮೋಡ್ ಬಳಕೆ. ಪುರುಷನಿಗೆ ಕಮೋಡ್ 1, ಯೂರಿನಲ್ 2. ಆದ್ದರಿಂದ 430 ಜನರಿಗೆ ಮಹಿಳೆಯರದು 645, ಪುರುಷರದು 215 ಸೇರಿ ದಿನಕ್ಕೆ 860 ಸಲ ಕಮೋಡ್ ಫ್ಲಶ್. ಬೇಸ್‌ಲೈನ್, ಅಂದರೆ ಹೋಲಿಕೆಗೆ ಹಿಡಿಯುವ ಪ್ರಮಾಣ, ಫ್ಲಶ್‌ಗೆ 6 ಲೀಟರ್‌ನಂತೆ ಕಮೋಡಿಗೇ 5,160 ಲೀಟರ್. ಭೇಟಿಗೆ ಬಂದ ಮಹಿಳೆಗೆ ಹಿಡಿಯುವುದು 0.5 ಸಲ ಮಾತ್ರ. ಅವರನ್ನು ನೌಕರರ ಸಾಲಿನಲ್ಲಿ ಹಾಕಿದರೆ ಅವರ ಪಾಲಿನ ಕಮೋಡ್ ನೀರು ಆರು ಪಟ್ಟಾಗಿ ಉಬ್ಬುತ್ತದೆ.

ಶಿಫ್ಟ್ ಇರುವಲ್ಲಿ ಇನ್ನೊಂದು ಎಚ್ಚರ. ಫ್ಲಶ್ ಎಲ್ಲ ಶಿಫ್ಟಿನಲ್ಲೂ ಆಗುತ್ತದೆ, ಆದರೆ ಸೈಕಲ್ ಸ್ಟ್ಯಾಂಡ್ ತುಂಬುವುದು ಒಟ್ಟಿಗೆ ಇರುವ ಜನರಿಂದ. ಸಂಜೆಯವರು 5ಕ್ಕೆ ಬಂದು ಹಗಲಿನವರು 6ಕ್ಕೆ ಹೊರಡುವುದಾದರೆ ಆ ಒಂದು ಗಂಟೆ 400 ನೌಕರರೂ ಒಳಗಿರುತ್ತಾರೆ. ಅವರ ಶೇ. 5ರಂತೆ 20 ಸೈಕಲ್ ಜಾಗ. ಸ್ನಾನದ ಮನೆ ಮೊದಲ 100 ಜನರಿಗೆ ಒಂದು, ಆಮೇಲೆ ಪ್ರತಿ 150ಕ್ಕೆ ಒಂದರಂತೆ ಮೂರು. ಇದರ ಮೇಲೆ ಆ ಹೊತ್ತಿನ ಗುತ್ತಿಗೆ ಸಿಬ್ಬಂದಿಯನ್ನೂ ಸೇರಿಸಿಕೊಳ್ಳಿ. ಮೂಲ ಅಂಕಿ 430 ಎಲ್ಲ ಹಾಳೆಗಳಲ್ಲೂ ಒಂದೇ ಇರಲಿ; ಸೈಕಲ್ ಹಾಳೆಯಲ್ಲಿ ಯಾಕೆ ಬೇರೆ ಅಂಕಿ ಎಂದು ಅಲ್ಲೇ ಎರಡು ಸಾಲು ಬರೆಯಿರಿ, ಇಲ್ಲದಿದ್ದರೆ ಪರಿಶೀಲಕರು ಅದನ್ನೇ ಕೇಳಿ ಕಡತ ವಾಪಸ್ ಕಳಿಸುತ್ತಾರೆ.